ತೋಡಿನ ಕಲ್ಲಿನಡಿಯ ಈ ಮರಿಗಳು ಮೇಫ್ಲೈಗಳೇ? ಪಲ್ಪರ್ ಶುರುವಾಗುವ ಮೊದಲು ತಿಳಿಯಬೇಕಿದೆ

ತೋಡಿನ ಪಕ್ಕದ ಮನೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಾಪೋಕ್ಲಿನಿಂದ ಕಕ್ಕಬ್ಬೆಗೆ ಹೋಗುವ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಡಿಯಂಡಮೋಳ್ ಕಡೆಯ ಬೆಟ್ಟದಿಂದ ಇಳಿಯುವ ತೋಡು ತೋಟದ ನಡುವೆ ಹರಿದು, ಗದ್ದೆಯ ಅಂಚು ಹಿಡಿದು, ಕಕ್ಕಬ್ಬೆ ಹೊಳೆಗೆ ಸೇರುತ್ತದೆ. ಮಳೆಗಾಲದ ಕೆಂಪು ನೀರು ಇಳಿದು ಈಗ ತಳದ ಕಲ್ಲುಗಳೆಲ್ಲ ಕಾಣುವಷ್ಟು ತಿಳಿಯಾಗಿದೆ. ಮನೆಯ ಪಂಪ್‌ಸೆಟ್ ಕೋಣೆ ಈ ತೋಡಿನ ದಡದಲ್ಲೇ ಇರುವುದರಿಂದ ಅಲ್ಲಿನ ಜೀವಜಂತುಗಳನ್ನು ದಿನವೂ ನೋಡುತ್ತೇನೆ. ಆದರೆ ಹೆಸರು ಹಿಡಿದು ಹೇಳಬಲ್ಲವರು ಸುತ್ತಮುತ್ತ ಯಾರೂ ಇಲ್ಲ.

ಮೊದಲ ಪ್ರಶ್ನೆ ಗೋಡೆಯ ಮೇಲಿನ ಹುಳುವಿನದು. ಸಂಜೆ ಬಲ್ಬ್ ಹಾಕಿದಾಗ ಸುಣ್ಣದ ಗೋಡೆಗೆ ಬಂದು ಕೂರುತ್ತದೆ. ದೇಹ ಅರ್ಧ ಅಂಗುಲಕ್ಕೂ ಕಡಿಮೆ. ರೆಕ್ಕೆಗಳನ್ನು ಬೆನ್ನಿನ ಮೇಲೆ ಒಂದಕ್ಕೊಂದು ಜೋಡಿಸಿ ನೆಟ್ಟಗೆ ನಿಲ್ಲಿಸಿಕೊಂಡಿರುತ್ತದೆ. ಹಿಂದೆ ದೇಹಕ್ಕಿಂತ ಉದ್ದವಾದ ಎರಡು ಎಳೆಗಳಿವೆ. ರೆಕ್ಕೆ ಹೊಗೆಯ ಬಣ್ಣದ್ದು, ಬೆಳಕು ಹಾಯುವುದಿಲ್ಲ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಬರೀ ಪೊರೆ ಅಂಟಿಕೊಂಡಿರುತ್ತದೆ. ಬೆನ್ನು ಉದ್ದಕ್ಕೆ ಸೀಳಿರುತ್ತದೆ, ಆರು ಕಾಲುಗಳ ಉಗುರೂ ಗೋಡೆಯನ್ನು ಹಿಡಿದೇ ಇರುತ್ತವೆ, ರೆಕ್ಕೆ ಇದ್ದ ಕಡೆ ಬಿಳಿ ಮುದ್ದೆಯಂಥ ಪೊರೆಯೂ ಇದೆ. ಅಂದರೆ ರೆಕ್ಕೆಯ ಪೊರೆಯನ್ನೂ ಕಳಚಿದೆ. ಸ್ವಲ್ಪ ಮೇಲೆ ಅದೇ ಗಾತ್ರದ, ಗಾಜಿನಷ್ಟು ಪಾರದರ್ಶಕ ರೆಕ್ಕೆಯ ಇನ್ನೊಂದು ಕೂತಿರುತ್ತದೆ. ಇವೆರಡೂ ಒಂದೇ ಜಾತಿಯೇ?

ಎರಡನೆಯದು ತೋಡಿನ ಒಳಗಿನದು. ಹರಿವು ಜೋರಿರುವಲ್ಲಿ ಕಲ್ಲು ಎತ್ತಿ ತಿರುಗಿಸಿದರೆ ಚಪ್ಪಟೆ ಮೈಯ ಮರಿಗಳು ಏಡಿಯಂತೆ ಅಡ್ಡಡ್ಡ ಓಡಿ ಕಲ್ಲಿನ ಮತ್ತೊಂದು ಬದಿಗೆ ಹೋಗಿ ಅವಿತುಕೊಳ್ಳುತ್ತವೆ. ಇವುಗಳಿಗೆ ಮೂರು ಬಾಲ. ಅದೇ ಕಲ್ಲಿನಲ್ಲಿ ಹಳದಿ ಕಂದು ಪಟ್ಟೆಯ, ಎರಡು ಬಾಲದ, ಗಾತ್ರದಲ್ಲಿ ದೊಡ್ಡದಾದ ಇನ್ನೊಂದು ಸಿಗುತ್ತದೆ. ಗೋಡೆಯ ಮೇಲಿನದಕ್ಕೆ ಎರಡೇ ಬಾಲ ಇರುವುದರಿಂದ ಈ ದೊಡ್ಡದೇ ಅದರ ಮರಿ ಇರಬಹುದೇ?

ಇಷ್ಟೆಲ್ಲ ವಿಚಾರಿಸಲು ಕಾರಣವಿದೆ. ನಮ್ಮ ತೋಟದ ಗಡಿ ದಾಟಿದ ಮೇಲೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಒಂದರ ನೀರು ಈ ತೋಡಿಗೆ ಬಂದು ಬೀಳುತ್ತದೆ. ಅರೇಬಿಕಾ ಕೊಯ್ಲಿನ ಹೊತ್ತಿಗೆ ಅಲ್ಲಿಂದ ಕೆಳಗೆ ನೀರು ಹುಳಿ ನಾತ ಹೊಡೆಯುತ್ತದೆ. ಯಾರದು ಎಂದು ಇಲ್ಲಿ ಬರೆಯುವುದಿಲ್ಲ, ಜಗಳ ನನಗೆ ಬೇಕಿಲ್ಲ. ಈ ತೋಡಿನಲ್ಲಿ ಏನೇನು ಬದುಕಿದೆ ಎನ್ನುವುದು ಈಗಲೇ ದಾಖಲಾಗಬೇಕು, ಪಲ್ಪರ್ ತಿರುಗಿದ ಮೇಲೆ ಏನು ಉಳಿಯಿತು ಎಂದು ಹೋಲಿಸಿ ತೋರಿಸಬೇಕು. ಹೆಸರು ಗೊತ್ತಿಲ್ಲದೆ ಲೆಕ್ಕ ಇಡುವುದು ಹೇಗೆ? ದಯವಿಟ್ಟು ತಿಳಿದವರು ಹೇಳಿ.

ಕಲ್ಲಡಿಯ ಜೀವ, ಪೊನ್ನಂಪೇಟೆ

ಅಕ್ಕ, ಗೋಡೆಯ ಮೇಲಿನದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನೀವು ನೋಡಿದ ಆ ಪೊರೆಯೇ ಖಚಿತ ಸಾಕ್ಷಿ. ಹಾರಬಲ್ಲ ರೆಕ್ಕೆ ಮೂಡಿದ ಮೇಲೂ ಇನ್ನೊಮ್ಮೆ ಪೊರೆ ಬಿಡುವ ಕೀಟ ಇಂದು ಭೂಮಿಯ ಮೇಲೆ ಮೇಫ್ಲೈ ಮಾತ್ರ. ನೀರಿನಿಂದ ಎದ್ದು ಬರುವ ಮೊದಲ ರೂಪ ಸಬ್‌ಇಮ್ಯಾಗೊ. ಅದರ ರೆಕ್ಕೆ ಮಬ್ಬಾಗಿರುತ್ತದೆ, ಅಂಚಿನಲ್ಲಿ ಸಣ್ಣ ಕೂದಲಿರುತ್ತದೆ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ, ಪೊರೆ ಕಳಚಿ ಹೊಳೆಯುವ ರೆಕ್ಕೆಯ ಇಮ್ಯಾಗೊ, ಅಂದರೆ ಪೂರ್ಣ ಪ್ರೌಢ, ಆಗುತ್ತದೆ. ಹಾಗಾಗಿ ನಿಮ್ಮ ಗೋಡೆಯ ಹೊಗೆಬಣ್ಣದ್ದೂ ಗಾಜುರೆಕ್ಕೆಯದ್ದೂ ಒಂದೇ ಜಾತಿಯ ಎರಡು ಹಂತಗಳಾಗಿರುವ ಸಾಧ್ಯತೆಯೇ ಹೆಚ್ಚು. ಈ ಎರಡೂ ಹಂತಗಳಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಬಾಯಿಯ ಅಂಗಗಳು ಕೆಲಸಕ್ಕೆ ಬಾರದಷ್ಟು ಕುಗ್ಗಿರುತ್ತವೆ, ಕರುಳಿನಲ್ಲಿ ಗಾಳಿ ತುಂಬಿರುತ್ತದೆ. ಊಟವೆಲ್ಲ ನೀರಿನಲ್ಲಿದ್ದಾಗಲೇ ಮುಗಿದಿರುತ್ತದೆ.

ಗಾಜುರೆಕ್ಕೆಯದನ್ನು ಭೂತಗನ್ನಡಿಯಲ್ಲಿ ನೋಡಿ. ಮುಂಗಾಲು ಎರಡೂ ಬಹಳ ಉದ್ದವಾಗಿ ಮುಂದಕ್ಕೆ ಚಾಚಿದ್ದರೆ, ಕಣ್ಣು ತಲೆಯ ಬಹುಭಾಗವನ್ನು ಆವರಿಸಿದ್ದರೆ ಅದು ಗಂಡು. ಹಾರಾಟದಲ್ಲೇ ಹೆಣ್ಣನ್ನು ಹಿಡಿಯಲು ಆ ಮುಂಗಾಲು ಬೇಕು. ಮೇಫ್ಲೈಗಳಲ್ಲೇ ಬೇಟಿಡೀ ಎಂಬ ಕುಟುಂಬದ ಗಂಡಿನಲ್ಲಂತೂ ಪ್ರತಿ ಕಣ್ಣೂ ಎರಡು ಭಾಗವಾಗಿ, ಮೇಲಿನ ಭಾಗ ಬೇರೆ ಬಣ್ಣದ ಪೇಟ ಸುತ್ತಿದಂತೆ ಎದ್ದು ನಿಂತಿರುತ್ತದೆ. ಅದನ್ನು ಒಮ್ಮೆ ನೋಡಿದವರು ಮರೆಯಲಾರರು. ಹಿಂದಿನ ರೆಕ್ಕೆಯನ್ನೂ ಹುಡುಕಿ. ಬೇಟಿಡೀಯಲ್ಲಿ ಅದು ತೀರಾ ಚಿಕ್ಕದು, ಹಲವು ಜಾತಿಗಳಲ್ಲಿ ಇರುವುದೇ ಇಲ್ಲ.

ಇನ್ನು ಬಾಲದ ವಿಷಯ. ಬಾಲ ಎಣಿಸಿ ಮರಿಗೂ ಪ್ರೌಢಕ್ಕೂ ಜೋಡಿ ಹಾಕಬೇಡಿ, ಲೆಕ್ಕ ತಪ್ಪುತ್ತದೆ. ನೀವು ಹೇಳಿದ ಚಪ್ಪಟೆ ಮರಿ ಹೆಪ್ಟಾಜೆನಿಯಿಡೀ ಕುಟುಂಬದ್ದಿರಬೇಕು. ಆ ಕುಟುಂಬದ ಹೆಚ್ಚಿನ ಮರಿಗಳಿಗೆ ಮೂರು ಬಾಲ, ಆದರೆ ರೆಕ್ಕೆ ಬಂದಾಗ ನಡುವಿನದು ಉಳಿಯುವುದಿಲ್ಲ, ಪ್ರೌಢಕ್ಕೆ ಎರಡೇ. ಅದೇ ಕುಟುಂಬದ ಎಪಿಯೋರಸ್ ಕುಲದಲ್ಲಿ ಮರಿಗೇ ಎರಡು ಬಾಲ. ಪಶ್ಚಿಮ ಘಟ್ಟದಲ್ಲಿ ಅದೂ ಇದೆ. ಹಳದಿ ಪಟ್ಟೆಯ ದೊಡ್ಡದು ಮಾತ್ರ ನನಗೆ ಮೇಫ್ಲೈ ಎನಿಸುತ್ತಿಲ್ಲ. ನೀರಿನಲ್ಲೇ ಮರಿಯಾಗಿ ಬೆಳೆಯುವ ಬೇರೊಂದು ಗುಂಪಿನ ಕೀಟವಾದ ಸ್ಟೋನ್‌ಫ್ಲೈಯ ಮರಿ ಇರಬೇಕು. ತೀರ್ಮಾನಿಸಲು ಎರಡು ಜಾಗ ನೋಡಿದರೆ ಸಾಕು. ಒಂದು, ಕಾಲಿನ ತುದಿ: ಮೇಫ್ಲೈ ಮರಿಯ ಪ್ರತಿ ಕಾಲಿಗೂ ಒಂದೇ ಉಗುರು, ಸ್ಟೋನ್‌ಫ್ಲೈಗೆ ಎರಡೆರಡು. ಇನ್ನೊಂದು, ಕಿವಿರು: ಮೇಫ್ಲೈಯ ಕಿವಿರುಗಳು ಹೊಟ್ಟೆಯ ಎರಡೂ ಅಂಚಿನಲ್ಲಿ ಸಾಲಾಗಿರುತ್ತವೆ. ನಿಮ್ಮ ಕಡೆ ಸಿಗುವ ಪರ್ಲಿಡೀ ಸ್ಟೋನ್‌ಫ್ಲೈಗಳಲ್ಲಿ ಅವು ಎದೆಯ ಕೆಳಗೆ, ಕಾಲಿನ ಬುಡದಲ್ಲಿ, ಬಿಳಿ ಎಳೆಗಳ ಗೊಂಚಲಾಗಿ ಕಾಣುತ್ತವೆ.

ಬಿಳಿ ಪಿಂಗಾಣಿ ತಟ್ಟೆಗೆ ತೋಡಿನ ನೀರನ್ನೇ ಹಾಕಿ, ಮರಿಯನ್ನು ಅದರಲ್ಲಿ ಬಿಟ್ಟು, ಮೇಲಿನಿಂದಲೂ ಪಕ್ಕದಿಂದಲೂ ಫೋಟೋ ತೆಗೆದು ಹಾಕಿ. ನೀರಿನಿಂದ ಎತ್ತಿದರೆ ಕಿವಿರು ಮೈಗೆ ಅಂಟಿಕೊಂಡು ಏನೂ ಕಾಣುವುದಿಲ್ಲ.

ಗಾಳದವನು, ಸಿದ್ದಾಪುರ

ನಮ್ಮ ಕಡೆ ಕಾವೇರಿ ನಿಧಾನವಾಗಿ, ಅಗಲವಾಗಿ ಹರಿಯುವುದರಿಂದ ಸಿಗುವ ಮರಿಗಳೂ ಬೇರೆ. ಮರಳು ಕೆಸರು ಸೇರಿದ ದಡದಲ್ಲಿ ಗುದ್ದಲಿಯಿಂದ ಸ್ವಲ್ಪ ಕೆದಕಿದರೆ ಬಿಳಿಚಾದ, ಉದ್ದನೆಯ ಮರಿ ಬರುತ್ತದೆ. ತಲೆಯ ಮುಂದೆ ಎರಡು ಕೋರೆ ಚಾಚಿರುತ್ತವೆ, ಬೆನ್ನಿನ ಮೇಲೆ ಗರಿಯಂಥ ಕಿವಿರುಗಳು ಒಂದೇ ಸಮನೆ ಅಲೆಯಾಡುತ್ತಿರುತ್ತವೆ. ಕೆಸರಿನಲ್ಲಿ ಬಿಲ ತೋಡಿ ಬದುಕುವ ಎಫೆಮೆರಿಡೀ ಇದು. ಮೀನುಗಳಿಗೆ ಇದರಷ್ಟು ಪ್ರಿಯವಾದ ಆಹಾರ ಕಡಿಮೆ.

ಇನ್ನೊಂದು ಮಾತು. ಮೊದಲ ಮಳೆಗೆ ದೀಪಕ್ಕೆ ಮುತ್ತುವ ಗೆದ್ದಲಿನ ರೆಕ್ಕೆಹುಳುಗಳನ್ನೂ ಮೇಫ್ಲೈಗಳನ್ನೂ ಜನ ಒಟ್ಟಿಗೆ ಮಳೆಹುಳು ಎಂದುಬಿಡುತ್ತಾರೆ. ಗೆದ್ದಲಿನದಕ್ಕೆ ನಾಲ್ಕೂ ರೆಕ್ಕೆ ಒಂದೇ ಅಳತೆಯವು, ಬೆನ್ನಿನ ಮೇಲೆ ಮಲಗಿಸಿಕೊಳ್ಳುತ್ತದೆ, ಉದ್ದ ಬಾಲ ಇರುವುದಿಲ್ಲ, ರೆಕ್ಕೆ ಉದುರಿಸಿ ನೆಲದ ಮೇಲೆ ನಡೆದು ಹೋಗುತ್ತದೆ. ಮೇಫ್ಲೈ ರೆಕ್ಕೆ ಉದುರಿಸುವುದಿಲ್ಲ.

ಡಾಂಬರು ರಸ್ತೆಯ ಮೇಲೂ ಮೇಫ್ಲೈಗಳು ಗುಂಪಾಗಿ ಇಳಿಯುವುದನ್ನು ಸಂಜೆ ಹೊತ್ತು ಸೇತುವೆಯ ಬಳಿ ನೋಡಿದ್ದೇನೆ. ಕಪ್ಪು ರಸ್ತೆಯಿಂದ ಪ್ರತಿಫಲಿಸುವ ಬೆಳಕು ನೀರಿನ ಮೇಲ್ಮೈಯಿಂದ ಬರುವ ಬೆಳಕಿನ ಹಾಗೆಯೇ ಧ್ರುವೀಕರಣಗೊಂಡಿರುತ್ತದೆ. ಹೆಣ್ಣು ಅದನ್ನು ಹೊಳೆಯೆಂದೇ ತಿಳಿದು ರಸ್ತೆಯ ಮೇಲೆ ಮೊಟ್ಟೆ ಇಡುತ್ತದೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ನಿಮ್ಮ ಪಂಪ್‌ಸೆಟ್ ಕೋಣೆಯ ಬಲ್ಬನ್ನು ಕೆಲಸ ಮುಗಿದ ಕೂಡಲೇ ಆರಿಸಿ ಅಕ್ಕ, ಅವು ತೋಡಿಗೆ ಮರಳಲಿ.

ರೋಬಸ್ಟಾ ಬೆಳೆಗಾರ, ಅಮ್ಮತ್ತಿ

ಇವುಗಳಿಂದ ಕಾಫಿ ಗಿಡಕ್ಕೆ, ಮೆಣಸಿನ ಬಳ್ಳಿಗೆ ಏನಾದರೂ ತೊಂದರೆ ಇದೆಯೇ? ಬಿಳಿ ಕಾಂಡಕೊರಕ, ಕಾಯಿಕೊರಕ ಎರಡರ ಕಾಟವೇ ಸಾಕಾಗಿದೆ.

ಕಲ್ಲಡಿಯ ಜೀವ, ಪೊನ್ನಂಪೇಟೆ

ಯಾವ ತೊಂದರೆಯೂ ಇಲ್ಲ ಸರ್. ಮರಿಗಳು ಕಲ್ಲಿನ ಮೇಲಿನ ಪಾಚಿ ಕೆರೆದು, ಕೊಳೆತ ಎಲೆಯ ಚೂರು ತಿಂದು ಬದುಕುತ್ತವೆ. ಪ್ರೌಢಕ್ಕೆ ಬಾಯಿಯೇ ಇಲ್ಲದಂತೆ. ನಮ್ಮಿಂದ ಅವುಗಳಿಗೆ ತೊಂದರೆ ಇದೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧ) ಹೊಡೆದ ಮೇಲೆ ಡ್ರಮ್ಮನ್ನು ತೋಡಿನಲ್ಲಿ ತೊಳೆಯುವ ರೂಢಿ ಎಷ್ಟೋ ಕಡೆ ಇದೆ. ಮೈಲುತುತ್ತದ ತಾಮ್ರ ಮೇಫ್ಲೈ ಮರಿಗಳಿಗೆ ಕಡುವಿಷ. ಡ್ರಮ್ ತೊಳೆದ ನೀರನ್ನು ತೋಡಿನಿಂದ ದೂರ, ತೋಟದ ಮಣ್ಣಿಗೇ ಚೆಲ್ಲಿ.

ತೋಡಿನ ಪಕ್ಕದ ಮನೆ, ನಾಪೋಕ್ಲು

ಫೋಟೋ ಹಾಕಿದ್ದೇನೆ. ತಟ್ಟೆಯ ಉಪಾಯಕ್ಕೆ ತುಂಬಾ ಉಪಕಾರವಾಯಿತು. ಮಗನ ಭೂತಗನ್ನಡಿ ಹಿಡಿದು ಕಾಲಿನ ತುದಿಯನ್ನೇ ನೋಡುತ್ತಾ ಕೂತೆ. ಹಳದಿ ಪಟ್ಟೆಯದಕ್ಕೆ ಉಗುರು ಎರಡು ಇರುವುದು ಸ್ಪಷ್ಟವಾಗಿ ಕಂಡಿತು, ಕಾಲಿನ ಬುಡದಲ್ಲಿ ಬಿಳಿ ಗೊಂಚಲೂ ಇದೆ. ಹಾಗಾದರೆ ಅದು ಸ್ಟೋನ್‌ಫ್ಲೈಯೇ.

ತಟ್ಟೆಯಲ್ಲಿ ಕೂತು ನೋಡಿದಾಗ ಚಪ್ಪಟೆಯದರ ಜೊತೆ ಇನ್ನೂ ಮೂರು ಬಗೆ ಕಂಡವು. ಒಂದು ತೆಳ್ಳಗಿನದು, ದುಂಡು ಮೈ, ತಲೆ ಕೆಳಮುಖ. ಒಂದು ಕ್ಷಣ ಅಲುಗಾಡದೆ ಇದ್ದು ಮರುಕ್ಷಣ ಬಾಲ ಬಡಿದು ತಟ್ಟೆಯ ಇನ್ನೊಂದು ತುದಿಗೆ ಚಿಮ್ಮುತ್ತದೆ. ಎರಡನೆಯದು ಎಲೆಕಸ ಸಿಕ್ಕಿಕೊಂಡಿದ್ದ ಮೂಲೆಯಲ್ಲಿ ಸಿಕ್ಕಿತು. ಕಂದು ಬಣ್ಣ, ಮೂರು ಬಾಲಗಳೂ ಒಂದರಿಂದ ಒಂದು ದೂರ ಹರಡಿಕೊಂಡಿವೆ, ಹೊಟ್ಟೆಯ ಪಕ್ಕದ ಪ್ರತಿ ಕಿವಿರೂ ಎರಡು ಕವಲಾಗಿ ಚೂಪಾಗಿ ಕೊನೆಯಾಗುತ್ತದೆ. ಮೂರನೆಯದು ತೀರಾ ಸಣ್ಣದು, ಮೈಮೇಲೆಲ್ಲ ಹೂಳು ಮೆತ್ತಿಕೊಂಡಿತ್ತು. ಬೆನ್ನಿನ ಹಿಂಭಾಗದಲ್ಲಿ ಎರಡು ಚೌಕ ಮುಚ್ಚಳಗಳು ಪಕ್ಕಪಕ್ಕ ಇವೆ. ನೋಡುತ್ತಿದ್ದ ಹಾಗೆ ಮುಚ್ಚಳ ಮೇಲೆದ್ದಿತು, ಒಳಗೆ ಬಿಳಿಯ ಏನೋ ಬೀಸಣಿಗೆ ಬೀಸಿತು, ಮತ್ತೆ ಮುಚ್ಚಿಕೊಂಡಿತು. ಇಷ್ಟು ಸಣ್ಣ ಮೈಯಲ್ಲಿ ಇಂಥದ್ದೊಂದು ಏರ್ಪಾಡು ಇದೆಯೆಂದು ನಾನು ಎಣಿಸಿರಲಿಲ್ಲ.

ಚಪ್ಪಟೆಯದರಲ್ಲಿ ಕೆಲವಕ್ಕೆ ಬೆನ್ನಿನ ಮೇಲಿನ ರೆಕ್ಕೆಮೊಗ್ಗು ಕಪ್ಪಗಿದೆ, ಕೆಲವಕ್ಕೆ ಕಂದು. ಅದು ಬೇರೆ ಜಾತಿಯ ಗುರುತೇ?

ಕಲ್ಲಡಿಯ ಜೀವ, ಪೊನ್ನಂಪೇಟೆ

ಫೋಟೋಗಳು ಚೆನ್ನಾಗಿ ಬಂದಿವೆ ಅಕ್ಕ. ಚಿಮ್ಮುವ ತೆಳ್ಳಗಿನದು ಬೇಟಿಡೀ. ಕವಲು ಕಿವಿರಿನದು ಲೆಪ್ಟೋಫ್ಲೆಬಿಯಿಡೀ. ಮುಚ್ಚಳದ್ದು ಸೀನಿಡೀ. ಆ ಚೌಕ ಮುಚ್ಚಳವೂ ಒಂದು ಜೋಡಿ ಕಿವಿರೇ, ಹೊಟ್ಟೆಯ ಎರಡನೆಯ ಖಂಡದ್ದು. ಹಿಂದಿನ ಮೃದುವಾದ ಕಿವಿರುಗಳಿಗೆ ಹೂಳು ಮೆತ್ತದಂತೆ ಅದು ಕಾಪಾಡುತ್ತದೆ, ಅದರಿಂದಲೇ ಸೀನಿಡೀ ಹೂಳಿನಲ್ಲಿಯೂ ಉಸಿರಾಡಬಲ್ಲದು. ಮುಚ್ಚಳ ಕಂಡದ್ದೆಲ್ಲ ಸೀನಿಡೀ ಅಲ್ಲ ಎನ್ನುವುದೂ ನೆನಪಿರಲಿ. ನಮ್ಮ ಘಟ್ಟದ ತೊರೆಗಳಲ್ಲಿ ಟೆಲೊಗನೋಡಿಡೀ ಎಂಬ ಕುಟುಂಬವಿದೆ. ಅದರಲ್ಲಿಯೂ ಮುಂದಿನ ಕಿವಿರು ಹಿಂದಿನವನ್ನು ಮುಚ್ಚುತ್ತದೆ. ದಕ್ಷಿಣ ಆಫ್ರಿಕಾ, ಮಡಗಾಸ್ಕರ್ ಮತ್ತು ಏಷ್ಯಾದ ದಕ್ಷಿಣ ಭಾಗಗಳಲ್ಲಷ್ಟೇ ಇರುವ ಕುಟುಂಬ ಅದು. ರಭಸದ ನೀರಿನ ಪಾಚಿಗಲ್ಲಿನಲ್ಲಿ ಹುಡುಕಿ, ಸಿಕ್ಕರೆ ತಪ್ಪದೆ ಹೇಳಿ.

ಕಪ್ಪು ರೆಕ್ಕೆಮೊಗ್ಗು ಜಾತಿಯ ಗುರುತಲ್ಲ, ವಯಸ್ಸಿನ ಗುರುತು. ಮರಿ ನೀರಿನಲ್ಲಿ ಸಾಮಾನ್ಯವಾಗಿ 15ರಿಂದ 25 ಸಲ ಪೊರೆ ಬಿಡುತ್ತದೆ. ಕೊನೆಯ ಹಂತದಲ್ಲಿ ಒಳಗೆ ಮಡಿಸಿಟ್ಟ ರೆಕ್ಕೆ ಬಣ್ಣ ಪಡೆದು ಮೊಗ್ಗು ಕಪ್ಪಾಗುತ್ತದೆ. ಇಂದೋ ನಾಳೆಯೋ ಹೊರಬರುವಂಥವು ಅವು.

ಫೋಟೋದಲ್ಲಿ ಕುಟುಂಬ ಹೇಳಬಹುದು, ಕುಲವನ್ನು ಕೆಲವೊಮ್ಮೆ ಮಾತ್ರ. ಜಾತಿಗೆ ಸೂಕ್ಷ್ಮದರ್ಶಕದಲ್ಲಿ ಮರಿಯ ಬಾಯಿಯ ಅಂಗಗಳು, ಪ್ರೌಢ ಗಂಡಿನ ಜನನಾಂಗ ನೋಡಬೇಕು. ನಿಮ್ಮ ಉದ್ದೇಶಕ್ಕೆ ಕುಟುಂಬ ಧಾರಾಳ ಸಾಕು. ಬ್ರಿಟನ್ನಿನಲ್ಲಿ ಬಳಸುತ್ತಿದ್ದ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ನೀರಿನ ಜೀವಿಗಳಿಗೆ ಕುಟುಂಬದ ಮಟ್ಟದಲ್ಲಿಯೇ 1ರಿಂದ 10ರ ತನಕ ಅಂಕ ಕೊಡುತ್ತಾರೆ. ಕೊಳೆ ಸಹಿಸದವಕ್ಕೆ ಹೆಚ್ಚು ಅಂಕ. ನಿಮ್ಮ ಹೆಪ್ಟಾಜೆನಿಯಿಡೀ, ಲೆಪ್ಟೋಫ್ಲೆಬಿಯಿಡೀ, ಸ್ಟೋನ್‌ಫ್ಲೈ ಪರ್ಲಿಡೀ ಮೂರಕ್ಕೂ 10. ಸೀನಿಡೀಗೆ 7, ಬೇಟಿಡೀಗೆ 4. ಅಲ್ಲಿನ ಹೊಳೆಗಳಿಗೆ ಮಾಡಿದ ಅಂಕಗಳನ್ನು ಕೊಡಗಿನ ತೋಡಿಗೆ ಹಾಗೆಯೇ ಅಂಟಿಸಬಾರದು. ಆದರೆ ಒಂದೇ ತೋಡಿನ ಮೇಲಿನ ಜಾಗವನ್ನೂ ಕೆಳಗಿನ ಜಾಗವನ್ನೂ ಹೋಲಿಸಲು ಈ ಕ್ರಮ ದಾರಿ ತೋರುತ್ತದೆ.

ಪಲ್ಪರ್ ನೀರಿನಲ್ಲಿ ಕಾಫಿ ಹಣ್ಣಿನ ಲೋಳೆ, ಸಕ್ಕರೆ ಇರುತ್ತವೆ. ಅದು ಹುಳಿತು ನೀರನ್ನು ಆಮ್ಲೀಯ ಮಾಡುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕೊಯ್ಲಿನ ಕಾಲಕ್ಕೆ ತೋಡಿನ ಹರಿವೂ ಕುಗ್ಗಿರುವುದರಿಂದ ಕೊಳೆ ತೆಳುವಾಗುವುದಿಲ್ಲ. ಆಗ ಮೊದಲು ಹೋಗುವುದು ಚಪ್ಪಟೆ ಮರಿ ಮತ್ತು ಸ್ಟೋನ್‌ಫ್ಲೈ. ಕೊನೆಗೆ ಉಳಿಯುವುದು ಕೆಂಪು ಬಣ್ಣದ ಕೈರೊನೊಮಿಡ್ ಹುಳು ಮತ್ತು ಕೆಸರಿನ ಎರೆಯಂಥ ಟ್ಯುಬಿಫೆಕ್ಸ್. ಅವುಗಳ ದೇಹದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅಲ್ಪ ಆಮ್ಲಜನಕದಲ್ಲಿಯೂ ಬದುಕುತ್ತವೆ.

ಲೆಕ್ಕ ನ್ಯಾಯವಾಗಿರಬೇಕಾದರೆ ಎರಡೂ ಜಾಗ ಒಂದೇ ತೆರನಾಗಿರಬೇಕು: ಅಷ್ಟೇ ಆಳ, ಅಷ್ಟೇ ಹರಿವು, ಅದೇ ಗಾತ್ರದ ಕಲ್ಲು, ಅಷ್ಟೇ ನೆರಳು. ಜಾಲರಿಯನ್ನು ಹರಿವಿನ ಕೆಳಬದಿಗೆ ಒತ್ತಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಅಲುಗಾಡಿಸಿ. ಎರಡೂ ಕಡೆ ಗಡಿಯಾರ ನೋಡಿ ಅಷ್ಟೇ ಹೊತ್ತು ಮಾಡಿ. ಮೊದಲು ಕೆಳಗಿನ ಜಾಗ, ಆಮೇಲೆ ಮೇಲಿನದು. ಇಲ್ಲದಿದ್ದರೆ ಮೇಲೆ ಕದಡಿದ್ದು ತೇಲಿಬಂದು ಕೆಳಗಿನ ಲೆಕ್ಕಕ್ಕೆ ಸೇರುತ್ತದೆ. ಎಣಿಸಿ, ಫೋಟೋ ತೆಗೆದು, ವಾಪಸ್ ಬಿಡಿ.

ಹಟ್ಟಿಹೊಳೆ ಕಡೆಯವಳು

ಒಂದು ವಿಷಯ ಸೇರಿಸುತ್ತೇನೆ ಅಕ್ಕ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದಾಗ ನಮ್ಮ ತೊರೆಗಳಿಗೆ ಬಂದ ಮಣ್ಣು ಕಲ್ಲಿನ ಸಂದುಗಳನ್ನೆಲ್ಲ ತುಂಬಿಬಿಟ್ಟಿತು. ನೀರು ಮತ್ತೆ ತಿಳಿಯಾದ ಮೇಲೂ ಬಹಳ ಕಾಲ ಚಪ್ಪಟೆ ಮರಿಗಳು ನನಗೆ ಕಾಣಲಿಲ್ಲ. ಅವಿತುಕೊಳ್ಳಲು ಅವುಗಳಿಗೆ ಕಲ್ಲಿನಡಿ ಖಾಲಿ ಜಾಗ ಬೇಕು. ನೀರಿನಲ್ಲಿ ನಾತವಿಲ್ಲ, ಬಣ್ಣವಿಲ್ಲ, ಆದರೂ ಮರಿಯಿಲ್ಲ. ಹಾಗಾಗಿ ನಿಮ್ಮ ಕೆಳಗಿನ ಜಾಗದಲ್ಲಿ ಗದ್ದೆಯ ಮಣ್ಣೋ ರಸ್ತೆ ಅಗೆದ ಮಣ್ಣೋ ಬಂದು ಕೂತಿದೆಯೇ ಎಂದು ಮೊದಲೇ ಬರೆದಿಡಿ. ಇಲ್ಲದಿದ್ದರೆ ಹೂಳು ಮಾಡಿದ್ದಕ್ಕೆ ಪಲ್ಪರ್ ಮೇಲೆ ಹೊಣೆ ಬೀಳುತ್ತದೆ, ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ತೋಡಿನ ಪಕ್ಕದ ಮನೆ, ನಾಪೋಕ್ಲು

ಇದು ನಿಜಕ್ಕೂ ಬೇಕಿದ್ದ ಎಚ್ಚರಿಕೆ. ಗದ್ದೆಯ ನೀರು ಸೇರುವ ಜಾಗಕ್ಕಿಂತ ಮೇಲೆ, ಪಲ್ಪರ್ ನೀರು ಬೀಳುವ ಕಡೆಗಿಂತ ಸ್ವಲ್ಪವೇ ಕೆಳಗೆ ಒಂದು ಕಲ್ಲುಹಾಸು ಇದೆ. ಅಲ್ಲಿ ಹೂಳು ನಿಲ್ಲುವುದಿಲ್ಲ, ಅದನ್ನೇ ಆರಿಸಿಕೊಂಡಿದ್ದೇನೆ. ಪಲ್ಪರ್ ಇನ್ನೂ ಶುರುವಾಗಿಲ್ಲದ ಈ ಹೊತ್ತಿಗೆ ಎರಡೂ ಜಾಗಗಳಲ್ಲಿ ಚಪ್ಪಟೆಯದು, ಚಿಮ್ಮುವುದು, ಕವಲು ಕಿವಿರಿನದು ಮೂರೂ ಇವೆ. ಸ್ಟೋನ್‌ಫ್ಲೈ ಕೂಡ ಎರಡೂ ಕಡೆ ಇದೆ. ಮುಚ್ಚಳದ್ದು ಕೆಳಗೆ ಹೆಚ್ಚು. ನನಗೆ ಇದರಿಂದ ಧೈರ್ಯ ಬಂದಿದೆ. ಮಳೆಗಾಲವಿಡೀ ಮೇಲಿನಿಂದ ಮರಿಗಳು ತೇಲಿ ಬಂದು ಕೆಳಗಿನ ತೋಡು ಮತ್ತೆ ತುಂಬಿಕೊಂಡಿದೆ ಎಂದಾಯಿತಲ್ಲವೇ? ಹಾಗಿದ್ದರೆ ಆ ನೀರನ್ನು ಗುಂಡಿಯಲ್ಲಿ ತಡೆದು ನಿಲ್ಲಿಸಿದರೆ ಸಾಕು, ತೋಡು ತಾನೇ ಚೇತರಿಸಿಕೊಳ್ಳುತ್ತದೆ. ಪುತ್ತರಿ ಹಬ್ಬಕ್ಕೆ ಪಲ್ಪರ್‌ನವರ ಮನೆಯವರು ಸಿಗುತ್ತಾರೆ, ಆಗ ಈ ಫೋಟೋ ತೋರಿಸಿ ಮಾತಾಡುತ್ತೇನೆ.

ಒಂದು ಕೊನೆಯ ಪ್ರಶ್ನೆ. ಗೋಡೆಯ ಮೇಲಿನದು ಈ ಚಪ್ಪಟೆ ಮರಿಯದ್ದೇ ಪ್ರೌಢ ರೂಪವೋ, ಚಿಮ್ಮುವುದರದ್ದೋ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಎರಡಕ್ಕೂ ಪ್ರೌಢದಲ್ಲಿ ಎರಡೇ ಬಾಲ ಎನ್ನುತ್ತೀರಿ.

ಕಲ್ಲಡಿಯ ಜೀವ, ಪೊನ್ನಂಪೇಟೆ

ಹೌದು, ತೇಲಿ ಬರುವುದೂ ಉಂಟು, ಹೆಣ್ಣುಗಳು ಹಾರಿ ಬಂದು ಮೊಟ್ಟೆ ಇಡುವುದೂ ಉಂಟು. ನಿಮ್ಮ ಮೇಲಿನ ತೋಡು ಚೆನ್ನಾಗಿರುವವರೆಗೆ ಕೆಳಗಿನದಕ್ಕೆ ಆಸೆಯಿದೆ.

ಖಚಿತ ಮಾಡಿಕೊಳ್ಳಲು ಸಾಕಿಯೇ ನೋಡಬೇಕು. ಕಪ್ಪು ರೆಕ್ಕೆಮೊಗ್ಗಿನ ಚಪ್ಪಟೆ ಮರಿ ಒಂದನ್ನು ಮಾತ್ರ ಆರಿಸಿ. ಪ್ಲಾಸ್ಟಿಕ್ ಡಬ್ಬಿಯ ಎರಡು ಪಕ್ಕ ಕತ್ತರಿಸಿ ಸೊಳ್ಳೆಪರದೆಯ ಬಟ್ಟೆ ಅಂಟಿಸಿ, ಒಳಗೆ ಒಂದು ಕಲ್ಲು ಇಟ್ಟು, ಅರ್ಧ ಮುಳುಗುವಂತೆ ಹರಿವಿನಲ್ಲಿಯೇ ಕಟ್ಟಿ. ನಿಂತ ನೀರಿನಲ್ಲಿ ಇಟ್ಟರೆ ಆಮ್ಲಜನಕ ಸಾಲದೆ ಸಾಯುತ್ತದೆ. ಕಲ್ಲಿನ ತುದಿ ನೀರಿನ ಮೇಲಿರಲಿ, ಡಬ್ಬಿಯ ಬಾಯಿಗೂ ಬಟ್ಟೆ ಕಟ್ಟಿ. ಹೊಗೆರೆಕ್ಕೆಯದು ಹೊರಬಂದ ಮೇಲೆ ಮುಟ್ಟಬೇಡಿ. ಬಟ್ಟೆಗೆ ಕಾಲೂರಿ ನಿಲ್ಲಲಿ, ಡಬ್ಬಿಯ ಗಾಳಿ ತೇವವಾಗಿರಲಿ. ಒಣಗಿದರೆ ಎರಡನೆಯ ಪೊರೆ ರೆಕ್ಕೆಗೆ ಅಂಟಿಕೊಂಡು ಕಳಚಲಾಗದೆ ಸಾಯುತ್ತದೆ. ಗಾಜುರೆಕ್ಕೆ ಬಂದ ಮೇಲೆ ಗೋಡೆಯದರ ಪಕ್ಕ ಇಟ್ಟು ಹಿಂದಿನ ರೆಕ್ಕೆಯ ಗಾತ್ರ ಹೋಲಿಸಿ. ಚಪ್ಪಟೆಯದರದ್ದಾದರೆ ಹಿಂದಿನ ರೆಕ್ಕೆ ಬರಿಗಣ್ಣಿಗೇ ಕಾಣುತ್ತದೆ. ನೀರಿನಲ್ಲಿ ಉಳಿಯುವ ಮರಿಯ ಪೊರೆಯನ್ನು ಎಸೆಯದೆ ಸಣ್ಣ ಸೀಸೆಯಲ್ಲಿ ಎತ್ತಿಡಿ. ಸೀಸೆಯ ಮೇಲೆ ದಿನಾಂಕ, ಜಾಗ, ಪ್ರೌಢದ ಫೋಟೋ ಸಂಖ್ಯೆ ಬರೆಯಿರಿ. ಜಾತಿ ಗುರುತಿಸುವವರು ಯಾರಾದರೂ ಮುಂದೆ ಸಿಕ್ಕರೆ ಅವರು ಮೊದಲು ಕೇಳುವುದು ಅದನ್ನೇ.